ಫ್ಯಾನಿ ಹಾರದೇ ಉಳಿದ ಜಿಗಿತ

ನನಗೂ ಅಣ್ಣನಿಗೂ ಒಂದು ಹಳೆಯ ಜಗಳ ಇದೆ. ಜಗತ್ತು ಕಂಡ ಅತಿ ದೊಡ್ಡ ಕ್ರೀಡಾಪಟು ಯಾರು? ಚಿಕ್ಕವರಿದ್ದಾಗ ಶುರುವಾದದ್ದು, ಇವತ್ತಿಗೂ ಮುಗಿದಿಲ್ಲ. ಈಗ ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದೇವೆ. ಫೋನಿನಲ್ಲಿ ಮನೆ, ಮಕ್ಕಳು, ಆರೋಗ್ಯ ಎಲ್ಲ ಮಾತಾಡಿ ಆದ ಮೇಲೆ, ಇನ್ನೇನು ಇಡಬೇಕು ಅನ್ನುವಾಗ ಅವನು ಕೇಳುತ್ತಾನೆ, "ಮತ್ತೆ, ಬ್ರಾಡ್ಮನ್ ಅಂತ ಒಪ್ಕೊಂಡ್ಯಾ?" ಅಲ್ಲಿಂದ ಇನ್ನರ್ಧ ಗಂಟೆ.

ಅಣ್ಣನ ಲೆಕ್ಕ ಸರಳ. 52 ಟೆಸ್ಟ್, 80 ಇನಿಂಗ್ಸ್, 6,996 ರನ್, ಸರಾಸರಿ 99.94. 1948ರಲ್ಲಿ ಓವಲ್ ಮೈದಾನದ ಕೊನೆಯ ಇನಿಂಗ್ಸ್‌ನಲ್ಲಿ ಬರೀ ನಾಲ್ಕು ರನ್ ಹೊಡೆದಿದ್ದರೆ ಸರಾಸರಿ ನೂರು ಮುಟ್ಟುತ್ತಿತ್ತು. ಎರಿಕ್ ಹಾಲೀಸ್ ಎಸೆತಕ್ಕೆ ಸೊನ್ನೆಗೆ ಬೌಲ್ಡ್ ಆದರು. ಇದನ್ನು ಅಣ್ಣ ನನಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವನ ದನಿ ಸ್ವಲ್ಪ ಇಳಿಯುತ್ತದೆ.

ಅವನಿಗೆ ಮುಖ್ಯ ಆ ಸರಾಸರಿಗಿಂತ, ಅದರ ಕೆಳಗೆ ಇರುವ ಖಾಲಿ ಜಾಗ. ದೊಡ್ಡ ಮಟ್ಟದ ಆಟದಲ್ಲಿ ಮೊದಲನೆಯವರಿಗೂ ಎರಡನೆಯವರಿಗೂ ಕೂದಲೆಳೆಯಷ್ಟೇ ಅಂತರ ಇರುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೈಕೆಲ್ ಫೆಲ್ಪ್ಸ್ 100 ಮೀಟರ್ ಬಟರ್‌ಫ್ಲೈ ಗೆದ್ದದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಕ್ರಿಕೆಟ್‌ನಲ್ಲಿ ನೋಡಿದರೆ ಬ್ರಾಡ್ಮನ್ ಆದ ಮೇಲೆ ಬರುವ ಒಳ್ಳೊಳ್ಳೆಯ ಬ್ಯಾಟರ್‌ಗಳು 60ರ ಆಸುಪಾಸಿನಲ್ಲಿ ನಿಂತಿದ್ದಾರೆ. ನಡುವೆ ಯಾರೂ ಇಲ್ಲ. "ಆ ಖಾಲಿ ಜಾಗ ನೋಡು. ಬೇರೆ ಯಾವ ಆಟದಲ್ಲಿ ಇದೆ ತೋರಿಸು" ಅನ್ನುತ್ತಾನೆ.

ನಾನು ಬಹಳ ವರ್ಷ ಬೋಲ್ಟ್ ಪರ ಇದ್ದೆ. 2009ರ ಆಗಸ್ಟ್ 16, ಬರ್ಲಿನ್, 9.58 ಸೆಕೆಂಡು. ಓಟ ಅಂದರೆ ನನಗೆ ಇಷ್ಟ, ಯಾಕೆಂದರೆ ಅದಕ್ಕೆ ಅರ್ಥ ಹೇಳಿಕೊಡುವವರು ಬೇಡ. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಯಾರು ಮೊದಲು ಮುಟ್ಟುತ್ತಾರೆ? ಅಷ್ಟೇ. ಜಗತ್ತಿನ ಎಲ್ಲ ಮಕ್ಕಳೂ ಒಂದಲ್ಲ ಒಂದು ದಿನ ಓಡಿ ನೋಡಿರುತ್ತಾರೆ. ಎಲ್ಲರೂ ಆಡಿದ ಆಟದಲ್ಲಿ ಎಲ್ಲರಿಗಿಂತ ಮುಂದೆ ಇರುವವರೇ ದೊಡ್ಡವರು ಅನ್ನುವುದು ನನ್ನ ವಾದ.

ಆ ವಾದವನ್ನು ಅಣ್ಣ ಒಂದೇ ಪ್ರಶ್ನೆಯಲ್ಲಿ ಅಲುಗಾಡಿಸಿದ. "ಜೆಸ್ಸಿ ಓವೆನ್ಸ್ ಯಾವ ನೆಲದ ಮೇಲೆ ಓಡಿದ?" 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಓವೆನ್ಸ್ ಓಡಿದ್ದು ಕಿಟ್ಟದ ಪುಡಿ ಹಾಸಿದ ಟ್ರ್ಯಾಕ್ ಮೇಲೆ. ಸ್ಟಾರ್ಟಿಂಗ್ ಬ್ಲಾಕ್ ಒಲಿಂಪಿಕ್ಸ್‌ಗೆ ಬಂದದ್ದು 1948ರಲ್ಲಿ. ಅದಕ್ಕೂ ಮುಂಚೆ ಓಟಗಾರರು ಸಣ್ಣ ಕರಣೆಯಲ್ಲಿ ಕಾಲಿಡಲು ಗುಳಿ ತೋಡಿಕೊಳ್ಳಬೇಕಿತ್ತು. ಅದೇ ಓವೆನ್ಸ್ 1935ರ ಮೇ 25ರಂದು, ಸುಮಾರು 45 ನಿಮಿಷದೊಳಗೆ, ಮೂರು ವಿಶ್ವದಾಖಲೆ ಮುರಿದು ಇನ್ನೊಂದನ್ನು ಸರಿಗಟ್ಟಿದ್ದರು. ಅವತ್ತಿನ 8.13 ಮೀಟರ್ ಉದ್ದ ಜಿಗಿತದ ದಾಖಲೆ 25 ವರ್ಷ ಉಳಿಯಿತು. ಅವರನ್ನೂ ಬೋಲ್ಟ್‌ರನ್ನೂ ಗಡಿಯಾರ ಹಿಡಿದು ಅಳೆದರೆ ಅದು ಅಳತೆಯೇ ಅಲ್ಲ. ನೆಲ ಬೇರೆ, ಬೂಟು ಬೇರೆ, ತರಬೇತಿ ಬೇರೆ. ಗಡಿಯಾರ ಒಂದು ಕಾಲದೊಳಗೆ ನಿಜ ಹೇಳುತ್ತದೆ. ಕಾಲ ದಾಟಿಸಿದರೆ ಹೇಳುವುದಿಲ್ಲ.

ಹಾಗಾಗಿ ಅಣ್ಣನ ಅಳತೆಯೇ ಸರಿ ಅಂತ ಒಪ್ಪಿಕೊಂಡೆ. ಅವರವರ ಕಾಲದ ಉಳಿದವರಿಗಿಂತ ಎಷ್ಟು ಮುಂದಿದ್ದರು ಅನ್ನುವುದನ್ನು ನೋಡಬೇಕು. ಆದರೆ ಒಪ್ಪಿಕೊಂಡ ಮೇಲೆ ಅದೇ ಅಳತೆ ಹಿಡಿದು ಹುಡುಕುತ್ತಾ ಹೋದೆ. ಅಣ್ಣನಿಗೆ ಕಷ್ಟ ಶುರುವಾದದ್ದು ಆಗ.

ಹೆದರ್ ಮೆಕೇ ಅಂತ ಒಬ್ಬರು ಇದ್ದಾರೆ, ಆಸ್ಟ್ರೇಲಿಯಾದ ಸ್ಕ್ವಾಷ್ ಆಟಗಾರ್ತಿ. 1962ರಿಂದ 1977ರವರೆಗೆ ಬ್ರಿಟಿಷ್ ಓಪನ್ ಅನ್ನು ಸತತ 16 ಸಲ ಗೆದ್ದರು. ಇಡೀ ವೃತ್ತಿಜೀವನದಲ್ಲಿ ಸೋತದ್ದು ಎರಡೇ ಪಂದ್ಯ. ಅವೆರಡೂ ಶುರುವಿನ ದಿನಗಳಲ್ಲಿ. ಎಸ್ತರ್ ವರ್ಗೀರ್, ನೆದರ್ಲೆಂಡ್ಸ್‌ನ ಗಾಲಿಕುರ್ಚಿ ಟೆನಿಸ್ ಆಟಗಾರ್ತಿ. 2003ರ ಜನವರಿಯಲ್ಲಿ ಒಂದು ಸಿಂಗಲ್ಸ್ ಪಂದ್ಯ ಸೋತರು. ಆಮೇಲೆ 2013ರಲ್ಲಿ ನಿವೃತ್ತಿ ಹೇಳುವವರೆಗೆ ಸೋಲಲೇ ಇಲ್ಲ. ಸತತ 470 ಗೆಲುವು. ಖಾಲಿ ಜಾಗ ತೋರಿಸು ಅಂದೆಯಲ್ಲ ಅಣ್ಣ, ತಗೋ, ಅಂದೆ.

"ಆ ಆಟ ಆಡೋರು ಎಷ್ಟು ಜನ ಕಣೇ?" ಅಂದ.

ಆ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಬ್ರಾಡ್ಮನ್ ಎಷ್ಟು ದೇಶಗಳ ವಿರುದ್ಧ ಟೆಸ್ಟ್ ಆಡಿದರು? ನಾಲ್ಕು. 52ರಲ್ಲಿ 37 ಟೆಸ್ಟ್ ಒಂದೇ ಇಂಗ್ಲೆಂಡ್ ವಿರುದ್ಧ. ಎಲ್ಲ ಟೆಸ್ಟ್‌ಗಳೂ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಎರಡೇ ದೇಶಗಳ ನೆಲದಲ್ಲಿ. ಕೆರೆ ಚಿಕ್ಕದು ಅನ್ನುವ ಮಾತನ್ನು ಮೆಕೇಗೆ ಹೇಳುವುದಾದರೆ ಬ್ರಾಡ್ಮನ್‌ಗೂ ಹೇಳಬೇಕು, ಅಲ್ವಾ? ಅಣ್ಣ ಸ್ವಲ್ಪ ಹೊತ್ತು ಯೋಚಿಸಿ, ಅದು ಸರಿ ಅಂದ. ಅವನಲ್ಲಿ ನನಗೆ ತುಂಬ ಇಷ್ಟವಾಗುವ ಗುಣ ಅದು. ಸರಿ ಅನ್ನಿಸಿದರೆ ಸರಿ ಅನ್ನುತ್ತಾನೆ. ಪಟ್ಟು ಮಾತ್ರ ಬಿಡುವುದಿಲ್ಲ.

ಎಷ್ಟೋ ವರ್ಷ ನಮ್ಮ ಜಗಳ ಇಲ್ಲೇ ಸುತ್ತುತ್ತಿತ್ತು. ಅದನ್ನು ಬೇರೆ ದಾರಿಗೆ ತಿರುಗಿಸಿದ್ದು 2024ರ ಮೇ ತಿಂಗಳಲ್ಲಿ ಓದಿದ ಒಂದು ಸುದ್ದಿ. ಅದು ಬೇಸ್‌ಬಾಲ್ ಸುದ್ದಿ. ನಮ್ಮಿಬ್ಬರಿಗೂ ಆ ಆಟ ಅಷ್ಟು ಗೊತ್ತಿಲ್ಲ.

ಜೋಶ್ ಗಿಬ್ಸನ್ ಎಂಬ ಆಟಗಾರ ಅಮೆರಿಕದಲ್ಲಿದ್ದರು. ಕಪ್ಪು ಬಣ್ಣದವರು. ಆ ಕಾಲದಲ್ಲಿ ಅಲ್ಲಿನ ಮೇಜರ್ ಲೀಗ್‌ಗಳಲ್ಲಿ ಬಿಳಿಯರು ಮಾತ್ರ ಆಡುತ್ತಿದ್ದರು. ಕಪ್ಪು ಆಟಗಾರರು ತಮ್ಮದೇ ಬೇರೆ ಲೀಗ್‌ಗಳಲ್ಲಿ ಆಡಬೇಕಿತ್ತು. ಗಿಬ್ಸನ್ ಹೊಡೆತ ನೋಡಿದವರು ಅದನ್ನು ಮರೆಯಲಿಲ್ಲ, ಆದರೆ ಆ ಹೊಡೆತಗಳು ಮುಖ್ಯ ದಾಖಲೆ ಪುಸ್ತಕಕ್ಕೆ ಬರಲಿಲ್ಲ. 1947ರ ಜನವರಿಯಲ್ಲಿ, 35ನೇ ವಯಸ್ಸಿಗೆ ತೀರಿಕೊಂಡರು. ಅದಾಗಿ ಮೂರೇ ತಿಂಗಳಿಗೆ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಮೇಜರ್ ಲೀಗ್‌ನಲ್ಲಿ ಆಡಿ ಆ ಗೋಡೆ ಒಡೆದರು.

2024ರಲ್ಲಿ ಆ ಹಳೆಯ ಲೀಗ್‌ಗಳ ಅಂಕಿಗಳನ್ನು ಮುಖ್ಯ ಪುಸ್ತಕಕ್ಕೆ ಸೇರಿಸಿದರು. ಸೇರಿಸಿದ ಕೂಡಲೇ ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್ ಎರಡನೆಯ ಜಾಗಕ್ಕೆ ಇಳಿದರು. ಮೊದಲನೆಯ ಜಾಗಕ್ಕೆ ಜೋಶ್ ಗಿಬ್ಸನ್ ಬಂದರು. ತೀರಿಕೊಂಡು 77 ವರ್ಷ ಆದ ಮೇಲೆ.

ಅದನ್ನು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ನಾನೂ ಅಣ್ಣನೂ ಇಷ್ಟು ವರ್ಷ ಒಂದು ಪುಸ್ತಕ ಇಟ್ಟುಕೊಂಡು ವಾದ ಮಾಡುತ್ತಿದ್ದೆವು. ಅದರಲ್ಲಿ ಯಾರ ಹೆಸರು ಮೇಲಿದೆ, ಯಾರದು ಕೆಳಗಿದೆ ಅಂತ ನೋಡುತ್ತಿದ್ದೆವು. ಯಾರ ಹೆಸರು ಬರೆಯಲೇ ಬಿಡಲಿಲ್ಲ ಅಂತ ಒಂದು ಸಲವೂ ಕೇಳಿರಲಿಲ್ಲ.

ಆಮೇಲೆ ಎಲ್ಲಿ ನೋಡಿದರೂ ನನಗೆ ಖಾಲಿ ವರ್ಷಗಳೇ ಕಾಣತೊಡಗಿದವು. ಮುಹಮ್ಮದ್ ಅಲಿ 1967ರಲ್ಲಿ ಸೇನೆಗೆ ಸೇರುವುದಿಲ್ಲ ಅಂದದ್ದಕ್ಕೆ ಪಟ್ಟ ಕಳೆದುಕೊಂಡರು. ಮತ್ತೆ ರಿಂಗ್‌ಗೆ ಇಳಿದದ್ದು 1970ರಲ್ಲಿ. 25ರಿಂದ 28 ವಯಸ್ಸು, ಬಾಕ್ಸರ್ ಒಬ್ಬನ ಕಾಲು ಅತಿ ಚುರುಕಾಗಿರುವ ವರ್ಷಗಳು, ಹಾಗೇ ಹೋದವು. ಜಿಮ್ ಥಾರ್ಪ್ 1912ರಲ್ಲಿ ಡೆಕಾಥ್ಲಾನ್, ಪೆಂಟಾಥ್ಲಾನ್ ಎರಡನ್ನೂ ಗೆದ್ದರು. ಅದಕ್ಕೂ ಮೊದಲು ಒಂದಿಷ್ಟು ದುಡ್ಡು ತಗೊಂಡು ಬೇಸ್‌ಬಾಲ್ ಆಡಿದ್ದರು ಅಂತ ಮರುವರ್ಷ ಪದಕ ಕಿತ್ತುಕೊಂಡರು. ಅವರೊಬ್ಬರೇ ವಿಜೇತರು ಅಂತ ಮತ್ತೆ ಘೋಷಿಸಿದ್ದು 2022ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 69 ವರ್ಷ ಆಗಿತ್ತು. ಟೆನಿಸ್‌ನಲ್ಲಿ ರಾಡ್ ಲೇವರ್ 1962ರಲ್ಲಿ ನಾಲ್ಕೂ ಗ್ರ್ಯಾಂಡ್‌ಸ್ಲ್ಯಾಮ್ ಗೆದ್ದು ವೃತ್ತಿಪರರಾದರು. ವೃತ್ತಿಪರರಿಗೆ ಆಗ ಆ ಟೂರ್ನಿಗಳ ಬಾಗಿಲು ಮುಚ್ಚಿತ್ತು. ಐದು ವರ್ಷ ಹೊರಗಿದ್ದರು. ಬಾಗಿಲು ತೆರೆದ ಮೇಲೆ, 1969ರಲ್ಲಿ, ಮತ್ತೆ ನಾಲ್ಕನ್ನೂ ಗೆದ್ದರು. ಗ್ರ್ಯಾಂಡ್‌ಸ್ಲ್ಯಾಮ್ ಸಿಂಗಲ್ಸ್ ಪಟ್ಟಗಳ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 11 ಅಂತ ಇದೆ. ಆ 11ನ್ನು ಜೊಕೊವಿಚ್‌ರ 24ರ ಪಕ್ಕ ಇಟ್ಟು ನೋಡುವುದಾದರೂ ಹೇಗೆ?

"ಹಾಗಾದ್ರೆ ಆ ಐದು ವರ್ಷಕ್ಕೆ ಎಷ್ಟು ಕೂಡಿಸ್ತೀಯ?" ಅಣ್ಣ ಕೇಳಿದ. "ಹತ್ತಾ? ಹದಿನೈದಾ? 1962ರಲ್ಲಿ ಅವನು ಗೆದ್ದಾಗ ಬೇರೆ ವೃತ್ತಿಪರರು ಹೊರಗೇ ಇದ್ರಲ್ಲ, ಅದಕ್ಕೆ ಎಷ್ಟು ಕಳೀತೀಯ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪ್ರಶ್ನೆ ಮುಂದೆ ಮತ್ತೆ ಬರುತ್ತದೆ.

ಈ ಹುಡುಕಾಟದಲ್ಲೇ ಫ್ಯಾನಿ ಬ್ಲಾಂಕರ್ಸ್-ಕೂನ್ ಸಿಕ್ಕಿದರು. ಹೆಸರು ಮೊದಲೇ ಗೊತ್ತಿತ್ತು. ಒಂದು ಕೂಟದಲ್ಲಿ ನಾಲ್ಕು ಚಿನ್ನ ಗೆದ್ದ ತಾಯಿ ಅಂತ ಎಲ್ಲೋ ಓದಿದ್ದೆ. ಅವರ ಕತೆಯನ್ನು ವರ್ಷವಾರು ಇಟ್ಟು ನೋಡಿದ್ದು ಆಗಲೇ.

ನೆದರ್ಲೆಂಡ್ಸ್‌ನವರು, ಹುಟ್ಟಿದ್ದು 1918ರಲ್ಲಿ. 18ನೇ ವಯಸ್ಸಿಗೆ 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋದರು. ಎತ್ತರ ಜಿಗಿತದಲ್ಲಿ ಆರನೆಯ ಜಾಗ, ಅದೂ ಬೇರೆಯವರ ಜೊತೆ ಸಮನಾಗಿ. ಪದಕ ಬರಲಿಲ್ಲ. ಜೆಸ್ಸಿ ಓವೆನ್ಸ್ ಹಸ್ತಾಕ್ಷರ ಹಾಕಿಸಿಕೊಂಡು ಮನೆಗೆ ಬಂದರು. ಮುಂದಿನ ಕೂಟಕ್ಕೆ 22 ಆಗಿರುತ್ತಿತ್ತು. ಆ ಕೂಟ ನಡೆಯಲಿಲ್ಲ. ಅದರ ಮುಂದಿನದಕ್ಕೆ 26 ಆಗಿರುತ್ತಿತ್ತು. ಅದೂ ನಡೆಯಲಿಲ್ಲ. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಅವರ ದೇಶವನ್ನು ಹಿಡಿಯಿತು. ಐದು ವರ್ಷ ಬಿಡಲಿಲ್ಲ. ಅವರಿಗೆ ಮದುವೆಯಾಯಿತು, ಮಕ್ಕಳಾದವು. ಅದೇ ಆಕ್ರಮಿತ ದೇಶದಲ್ಲಿ, 1943ರಲ್ಲಿ, ಎತ್ತರ ಜಿಗಿತದಲ್ಲಿ 1.71 ಮೀಟರ್, ಉದ್ದ ಜಿಗಿತದಲ್ಲಿ 6.25 ಮೀಟರ್ ಹಾರಿ ಎರಡು ವಿಶ್ವದಾಖಲೆ ಮಾಡಿದರು. ನೋಡುವ ಜಗತ್ತು ಬೇರೆ ಕಡೆ ನೋಡುತ್ತಿತ್ತು.

1948ರಲ್ಲಿ ಲಂಡನ್ ಕೂಟ ಬಂತು. ಅವರಿಗೆ 30 ವರ್ಷ, ಇಬ್ಬರು ಮಕ್ಕಳು. ವಯಸ್ಸಾಯಿತು ಅಂದವರು ಇದ್ದರು. ಮಕ್ಕಳನ್ನು ಬಿಟ್ಟು ಚಡ್ಡಿ ಹಾಕಿಕೊಂಡು ಓಡುವುದೇನು ಅಂತ ಕಾಗದ ಬರೆದವರೂ ಇದ್ದರು. ಅವರು 100 ಮೀಟರ್ ಗೆದ್ದರು. 80 ಮೀಟರ್ ಹರ್ಡಲ್ಸ್‌ನಲ್ಲಿ ಬ್ರಿಟನ್ನಿನ ಮೊರೀನ್ ಗಾರ್ಡ್ನರ್ ಜೊತೆ ಒಟ್ಟಿಗೇ ಗೆರೆ ಮುಟ್ಟಿದರು. ಇಬ್ಬರಿಗೂ 11.2 ಸೆಕೆಂಡು. ಫೋಟೊ ನೋಡಿ ಫ್ಯಾನಿಗೆ ಚಿನ್ನ ಕೊಟ್ಟರು. ಆಮೇಲೆ 200 ಮೀಟರ್.

ಈ 200 ಮೀಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಡುವೆ ಅವರು ಒಡೆದುಹೋದರು. ಸಾಕು, ಮನೆಗೆ ಹೋಗುತ್ತೇನೆ ಅಂತ ಅತ್ತರು. ಮಕ್ಕಳ ನೆನಪು, ಎಲ್ಲರ ಕಣ್ಣು ತನ್ನ ಮೇಲೆ ಇರುವ ಭಾರ. ಗಂಡನೇ ಅವರ ಕೋಚ್ ಆಗಿದ್ದರು. ಕೂತು ಮಾತಾಡಿಸಿ ಒಪ್ಪಿಸಿದರು. ಮಳೆ ಬಂದು ಕೆಸರಾಗಿದ್ದ ಟ್ರ್ಯಾಕ್ ಮೇಲೆ ಫ್ಯಾನಿ ಆ ಓಟವನ್ನು 0.7 ಸೆಕೆಂಡು ಅಂತರದಲ್ಲಿ ಗೆದ್ದರು. 200 ಮೀಟರ್‌ನಲ್ಲಿ 0.7 ಅಂದರೆ ಹಿಂದೆ ಬಂದವರು ಚಿತ್ರದಲ್ಲೇ ಸರಿಯಾಗಿ ಕಾಣುವುದಿಲ್ಲ. ಹಿಂದಿನ ದಿನ ಅಳುತ್ತಿದ್ದವರು ಓಡಿದ ಓಟ ಅದು. ಕೊನೆಗೆ ರಿಲೇ. ಬ್ಯಾಟನ್ ಕೈಗೆ ಬಂದಾಗ ಅವರ ತಂಡ ಹಿಂದಿತ್ತು. ಮುಗಿದಾಗ ಮುಂದಿತ್ತು.

ನಾಲ್ಕು ಚಿನ್ನ. ಇಷ್ಟು ಎಲ್ಲರೂ ಹೇಳುತ್ತಾರೆ. ನನ್ನನ್ನು ಕಾಡಿದ್ದು ಇದರ ಪಕ್ಕದಲ್ಲಿರುವ ಇನ್ನೊಂದು ಸಂಗತಿ. ಆ ಕೂಟದಲ್ಲಿ ಒಬ್ಬ ಮಹಿಳೆ ಮೂರಕ್ಕಿಂತ ಹೆಚ್ಚು ವೈಯಕ್ತಿಕ ಸ್ಪರ್ಧೆಗೆ ಇಳಿಯುವಂತಿರಲಿಲ್ಲ. 1932ರಲ್ಲಿ ಬೇಬ್ ಡಿಡ್ರಿಕ್ಸನ್ ಅವರನ್ನೂ ಇಂಥದೇ ನಿಯಮ ಕಟ್ಟಿಹಾಕಿತ್ತು. ಅಮೆರಿಕದ ಆಯ್ಕೆ ಕೂಟದಲ್ಲಿ ಅವರೊಬ್ಬರೇ ಒಂದು ತಂಡವಾಗಿ ಇಳಿದು 30 ಅಂಕ ಗಳಿಸಿದ್ದರು. ಎರಡನೆಯದಾಗಿ ಬಂದ ತಂಡದಲ್ಲಿ 22 ಜನ ಇದ್ದರು, ಅಂಕವೂ 22. ಅಂಥವರಿಗೂ ಒಲಿಂಪಿಕ್ಸ್‌ನಲ್ಲಿ ಮೂರೇ ಸ್ಪರ್ಧೆ. ಎರಡು ಚಿನ್ನ, ಒಂದು ಬೆಳ್ಳಿ.

ಹಾಗಾಗಿ ಫ್ಯಾನಿ ಮೂರು ಓಟ ಆರಿಸಿಕೊಂಡರು. ಎರಡೂ ಜಿಗಿತ ಬಿಟ್ಟರು. ವಿಶ್ವದಾಖಲೆ ತಮ್ಮ ಹೆಸರಲ್ಲೇ ಇದ್ದ ಎರಡು ಜಿಗಿತ. ಲಂಡನ್‌ನಲ್ಲಿ ಎತ್ತರ ಜಿಗಿತದ ಚಿನ್ನ 1.68ಕ್ಕೆ ಹೋಯಿತು. ಫ್ಯಾನಿಯವರ ದಾಖಲೆ 1.71. ಉದ್ದ ಜಿಗಿತದ ಚಿನ್ನ 5.69ಕ್ಕೆ ಹೋಯಿತು. ಅವರ ದಾಖಲೆ 6.25. ಅರ್ಧ ಮೀಟರಿಗೂ ಜಾಸ್ತಿ ವ್ಯತ್ಯಾಸ.

ಇಷ್ಟು ಲೆಕ್ಕ ಬರೆದಿಟ್ಟುಕೊಂಡು ಅಣ್ಣನಿಗೆ ಫೋನ್ ಮಾಡಿದೆ. ಎರಡು ಒಲಿಂಪಿಕ್ಸ್ ಯುದ್ಧಕ್ಕೆ ಹೋಯಿತು. ಎರಡು ಸ್ಪರ್ಧೆ ನಿಯಮಕ್ಕೆ ಹೋಯಿತು. ಎಲ್ಲ ಹೋಗಿ ಉಳಿದದ್ದೇ ನಾಲ್ಕು ಚಿನ್ನ. ನನ್ನ ಉತ್ತರ ಇದೇ ಅಣ್ಣ, ಫ್ಯಾನಿ, ಅಂದೆ. 1999ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವೇ ಅವರನ್ನು ಶತಮಾನದ ಮಹಿಳಾ ಅಥ್ಲೀಟ್ ಅಂತ ಆರಿಸಿದ್ದನ್ನೂ ಹೇಳಿದೆ.

ಅಣ್ಣ ಪೂರ್ತಿ ಕೇಳಿಸಿಕೊಂಡ. ಆಮೇಲೆ ಒಂದೊಂದಾಗಿ ಕೇಳಿದ. ಯುದ್ಧ ಬ್ರಾಡ್ಮನ್‌ದೂ ತಿಂದಿತ್ತಲ್ಲ? ಹೌದು. 1938ರಿಂದ 1946ರವರೆಗೆ ಅವರಿಗೆ ಟೆಸ್ಟ್ ಇಲ್ಲ. 30 ದಾಟುವ ಹೊತ್ತಿಗೆ ನಿಂತದ್ದು, 38ಕ್ಕೆ ಮತ್ತೆ ಶುರು. ವಾಪಸು ಬಂದ ಮೇಲೆ ಆಡಿದ ಟೆಸ್ಟ್‌ಗಳಲ್ಲಿ ಸರಾಸರಿ ನೂರು ದಾಟಿತ್ತು. ಇದನ್ನು ನಾನು ಮನಸಾರೆ ಒಪ್ಪಿದೆ. ಖಾಲಿ ವರ್ಷ ಲೆಕ್ಕಕ್ಕೆ ತಂದರೆ ಬ್ರಾಡ್ಮನ್ ಇನ್ನೂ ದೊಡ್ಡವರಾಗುತ್ತಾರೆ.

"1.71 ಹಾರಿದ್ದು 1943ರಲ್ಲಿ. ಐದು ವರ್ಷ ಆದ್ಮೇಲೆ ಅಷ್ಟೇ ಹಾರ್ತಿದ್ಲು ಅಂತ ಹೇಗೆ ಹೇಳ್ತೀಯ?" ಹೇಳಲಾರೆ. "1948ರಲ್ಲಿ ಜರ್ಮನಿ, ಜಪಾನ್‌ನ ಕರೆದೇ ಇರಲಿಲ್ಲ. ಸೋವಿಯತ್ ಬರಲಿಲ್ಲ. ಅವಳ ಎದುರಾಳಿಗಳೂ ಕಮ್ಮಿ ಇದ್ರಲ್ಲ?" ಅದೂ ನಿಜ. ಯುದ್ಧ ಫ್ಯಾನಿಯ ವರ್ಷಗಳನ್ನು ಕಿತ್ತುಕೊಂಡಿತು, ಹಾಗೇ ಫ್ಯಾನಿ ಸೋಲಿಸಬೇಕಾಗಿದ್ದವರನ್ನೂ ಕಿತ್ತುಕೊಂಡಿತು. ಲೇವರ್ ವಿಷಯದಲ್ಲಿ ಕೇಳಿದ ಪ್ರಶ್ನೆಯೇ ತಿರುಗಿ ಬಂತು. ಆದರೂ ಗಡಿಯಾರ ಇದೆ, 0.7 ಸೆಕೆಂಡು ಇದೆ, ಮೂರು ದೇಶ ಬಂದಿದ್ದರೂ ಆ ಕೆಸರಿನಲ್ಲಿ ಅವರನ್ನು ಹಿಡಿಯುವುದು ಕಷ್ಟವಿತ್ತು ಅಂತ ನಾನು ಈಗಲೂ ನಂಬುತ್ತೇನೆ.

ಕೊನೆಗೆ ಅಣ್ಣ ಕೇಳಿದ್ದು ಬೇರೆ. "ಸರಿ, ಅವಳು ಹಾರಿದ್ಲು, 1.71 ಹಾರಿ ಗೆದ್ದೇಬಿಟ್ಲು ಅನ್ಕೋ. ಆ ಚಿನ್ನ ಯಾರ ಕೈಯಿಂದ ಹೋಗ್ತಿತ್ತು?"

ನನಗೆ ಗೊತ್ತಿರಲಿಲ್ಲ. ನೋಡಿ ಹೇಳುತ್ತೇನೆ ಅಂದೆ.

ಅವರ ಹೆಸರು ಆಲಿಸ್ ಕೋಚ್‌ಮನ್. ಅಮೆರಿಕದ ಜಾರ್ಜಿಯಾದವರು. ಕಪ್ಪು ಹುಡುಗಿ ಅಂತ ಸಾರ್ವಜನಿಕ ಮೈದಾನದಲ್ಲಿ ಅಭ್ಯಾಸ ಮಾಡಲು ಬಿಡದ ಊರಿನಲ್ಲಿ, ಮಣ್ಣಿನ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿ ಬೆಳೆದವರು. 1939ರಿಂದ 1948ರವರೆಗೆ ಸತತ ಹತ್ತು ವರ್ಷ ತಮ್ಮ ದೇಶದ ಎತ್ತರ ಜಿಗಿತದ ಚಾಂಪಿಯನ್. ಆ ಹತ್ತು ವರ್ಷ ನೋಡಿ. 1940, 1944 ಎರಡೂ ಅದರೊಳಗೇ ಇವೆ. ಫ್ಯಾನಿ ಕಳೆದುಕೊಂಡದ್ದನ್ನೇ ಅವರೂ ಕಳೆದುಕೊಂಡಿದ್ದರು. ಅವರಿಗೆ ಸಿಕ್ಕಿದ್ದು ಒಂದೇ ಒಲಿಂಪಿಕ್ಸ್. ಅದರಲ್ಲಿ 1.68 ಹಾರಿ, ಒಲಿಂಪಿಕ್ ಚಿನ್ನ ಗೆದ್ದ ಮೊದಲ ಕಪ್ಪು ಮಹಿಳೆಯಾದರು. ಊರಿಗೆ ಮರಳಿದಾಗ ನಡೆದ ಸನ್ಮಾನದಲ್ಲೂ ಬಿಳಿಯರು ಒಂದು ಕಡೆ, ಕಪ್ಪು ಜನ ಇನ್ನೊಂದು ಕಡೆ ಕೂತಿದ್ದರು. ಬಿಳಿಯ ಮೇಯರ್ ಅವರ ಕೈ ಕುಲುಕಲಿಲ್ಲ.

ಫ್ಯಾನಿಗೆ ಆ ಜಿಗಿತವನ್ನು ಲೆಕ್ಕದಲ್ಲಿ ಕೊಡಬೇಕು ಅಂತ ಇಷ್ಟು ದಿನ ವಾದಿಸಿದೆನಲ್ಲ, ಕೊಟ್ಟರೆ ಕಿತ್ತುಕೊಳ್ಳುವುದು ಈ ಕೈಯಿಂದ. ಅದು ತಿಳಿದ ಮೇಲೆ ಆ 1.71ನ್ನು ಮೊದಲಿನಷ್ಟು ಸಲೀಸಾಗಿ ಹೇಳಲು ಆಗುತ್ತಿಲ್ಲ.

ಅದೇ ಪಟ್ಟಿಯಲ್ಲಿ ಕೋಚ್‌ಮನ್ ಕೆಳಗೆ ಇನ್ನೊಂದು ಹೆಸರು ಇತ್ತು. ಡೊರೊಥಿ ಟೈಲರ್, ಬ್ರಿಟನ್. ಎತ್ತರ 1.68, ಕೋಚ್‌ಮನ್ ಹಾರಿದಷ್ಟೇ. ಕೋಚ್‌ಮನ್ ಅದನ್ನು ಮೊದಲ ಯತ್ನದಲ್ಲಿ ದಾಟಿದ್ದರು, ಡೊರೊಥಿ ಎರಡನೆಯದರಲ್ಲಿ. ಹಾಗಾಗಿ ಬೆಳ್ಳಿ. ಅವರ ಹಳೆಯ ಹೆಸರು ಡೊರೊಥಿ ಓಡಮ್. ಆ ಹೆಸರು ಹಿಡಿದು ಹಿಂದೆ ಹೋದರೆ 1936ರ ಬರ್ಲಿನ್‌ನಲ್ಲೂ ಅವರು ಇದ್ದಾರೆ. ಆಗ 16 ವರ್ಷ. ಅಲ್ಲೂ ಬೆಳ್ಳಿ. ಅಲ್ಲೂ ಗೆದ್ದವರಷ್ಟೇ ಎತ್ತರ, 1.60 ಮೀಟರ್. ಅದನ್ನು ಡೊರೊಥಿ ಮೊದಲ ಯತ್ನದಲ್ಲೇ ದಾಟಿದ್ದರು. ಆದರೆ ಅವತ್ತು ಯತ್ನಗಳನ್ನು ಎಣಿಸುವ ನಿಯಮ ಇರಲಿಲ್ಲ. ಸಮನಾದವರನ್ನು ಮತ್ತೆ ಹಾರಿಸಿದರು, ಅದರಲ್ಲಿ ಹಂಗರಿಯ ಇಬೋಲ್ಯಾ ಚಾಕ್ ಗೆದ್ದರು. 1948ರ ನಿಯಮ 1936ರಲ್ಲಿ ಇದ್ದಿದ್ದರೆ ಡೊರೊಥಿಗೆ ಚಿನ್ನ. 1948ಕ್ಕೆ ಆ ನಿಯಮ ಬಂತು, ಅದೇ ಅವರನ್ನು ಸೋಲಿಸಿತು. ನಡುವೆ 12 ವರ್ಷ, ಒಂದು ಯುದ್ಧ, ಇಬ್ಬರು ಮಕ್ಕಳು. ಯುದ್ಧಕ್ಕೆ ಮುಂಚೆಯೂ ಆಮೇಲೂ ಒಲಿಂಪಿಕ್ಸ್ ಅಥ್ಲೆಟಿಕ್ಸ್ ಪದಕ ಗೆದ್ದ ಮಹಿಳೆ ಅವರೊಬ್ಬರೇ.

ಇಷ್ಟನ್ನೂ ಅಣ್ಣನಿಗೆ ಓದಿ ಹೇಳಿದೆ. ಅವನು ಬ್ರಾಡ್ಮನ್ ಹೆಸರು ಎತ್ತಲಿಲ್ಲ. ನಾನೂ ಬೇರೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಫೋನಿನಲ್ಲಿ ಬರೀ ಉಸಿರಿನ ಸದ್ದು.

"1936ರಲ್ಲಿ ಫ್ಯಾನಿನೂ ಎತ್ತರ ಜಿಗಿತಕ್ಕೆ ಇಳಿದಿದ್ಲು ಅಂದ್ಯಲ್ಲ" ಅಂದ. "ಎಷ್ಟು ಹಾರಿದ್ಲು?"

"1.55."

"ಡೊರೊಥಿ 1.60, ಅಲ್ವಾ?"

"ಹೂಂ."

"ತಡಿ, ಪೆನ್ ತಗೋತೀನಿ. ಹೆಸರು ಇನ್ನೊಂದ್ಸಲ ಹೇಳು."